ತಡವಾಗಿ ಬಂದ ಕಾಗದ: ಕಿತ್ತೂರು, ಸುರೇಬಾನ ಮತ್ತು ನಮ್ಮ ವರ್ಕ್ ಫ್ರಮ್ ಹೋಮ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಇವತ್ತಿನ ಮಾತು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಶುರುವಾಗೋದು ಒಂದು ಲ್ಯಾಪ್‌ಟಾಪಿನಿಂದ, ಹೋಗಿ ಮುಟ್ಟೋದು 1824ರ ಕಿತ್ತೂರಿಗೆ. ನಡುವೆ ಸಂಗೊಳ್ಳಿ, ಸುರೇಬಾನ, ಸವದತ್ತಿ ಎಲ್ಲಾ ಬರ್ತಾವ. ಸ್ವಲ್ಪ ಸಮಾಧಾನದಿಂದ ಕೇಳ್ರಿ.

2020ರ ಲಾಕ್‌ಡೌನ್ ನೆನಪಿದೆಯಲ್ಲ? ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದ ನಮ್ಮ ಭಾಗದ ಎಷ್ಟೋ ಹುಡುಗರು, ಹುಡುಗಿಯರು ಊರಿಗೆ ಬಂದರು. ನಾನೂ ಬೈಲಹೊಂಗಲಕ್ಕೆ ಬಂದೆ. ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ಮಾಳಿಗೆ ಮೇಲಿನ ಕೋಣೆಯಲ್ಲಿ ಸಿಗುತ್ತಿತ್ತು. ಅಲ್ಲೇ ಒಂದು ಟೇಬಲ್ಲು, ಒಂದು ಫ್ಯಾನು, ಅದೇ ಆಫೀಸು. ನಮ್ಮ ತಂಡದಲ್ಲಿ ಇಬ್ಬರು ಬೆಂಗಳೂರಿನವರು, ಮೂವರು ಪೋಲೆಂಡಿನವರು, ಮ್ಯಾನೇಜರು ಅಮೆರಿಕದಲ್ಲಿ, ನಾನು ಬೈಲಹೊಂಗಲದ ಮಾಳಿಗೆ ಮೇಲೆ. ಕಂಪನಿಯ ಹೆಸರು ಬೇಡ, ಮಾತಿಗೆ ಅದು ಮುಖ್ಯ ಅಲ್ಲ.

ಒಂದು ದಿನ ಬೆಳಿಗ್ಗೆ ನಾನು ಒಂದು ಬದಲಾವಣೆಯನ್ನು ಲೈವ್ ಮಾಡಿದೆ. ಟಿಕೆಟ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು, ಇವತ್ತು ಹಾಕಬೇಕು ಅಂತ. ಹಾಕಿದೆ. ನಾಲ್ಕು ತಾಸು ಗ್ರಾಹಕರಿಗೆ ಒಂದೇ ಬಿಲ್ಲು ಎರಡೆರಡು ಸಲ ಹೋಯಿತು. ಆಮೇಲೆ ಗೊತ್ತಾಗಿದ್ದೇನೆಂದರೆ, ಹಿಂದಿನ ರಾತ್ರಿ ಪೋಲೆಂಡಿನ ಗೆಳತಿ ಬೇರೊಂದು ಚಾನೆಲ್‌ನಲ್ಲಿ ಬರೆದಿದ್ದಳು, ಒಂದು ದೋಷ ಕಂಡಿದೆ, ನಾಳೆ ಹಾಕಬೇಡಿ ಅಂತ. ಅವಳಿಗೆ ಆಗ ರಾತ್ರಿ ಒಂಬತ್ತು. ನನಗೆ ಹನ್ನೆರಡೂವರೆ, ನಾನು ನಿದ್ದೆಯಲ್ಲಿದ್ದೆ. ಬೆಳಿಗ್ಗೆ ಎದ್ದು ನಾನು ಟಿಕೆಟ್ ಓದಿದೆ, ಚಾನೆಲ್ ಓದಲಿಲ್ಲ.

ಮ್ಯಾನೇಜರು ಕೇಳಿದರು, "ಯಾಕೆ ಹಾಕಿದಿರಿ?" ನಾನಂದೆ, "ನೀವೇ ಹಾಕಬೇಕು ಅಂದಿದ್ದಿರಿ." ಅವರು, "ಆಮೇಲೆ ಬೇಡ ಅಂದಿದ್ದೆವಲ್ಲ." ಇಬ್ಬರೂ ಹೇಳಿದ್ದು ಖರೆನೇ ಇತ್ತು.

ರಾತ್ರಿ ಊಟಕ್ಕೆ ಕೂತಾಗ ನನ್ನ ಮುಖ ನೋಡಿ ಅಜ್ಜ ಕೇಳಿದ, "ಏನಾತೋ ತಮ್ಮಾ?" ಹೇಳಿದೆ. ಸಾಫ್ಟ್‌ವೇರ್ ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ರೊಟ್ಟಿ ಮುರಿಯುತ್ತಾ ಅಂದ, "ಕಿತ್ತೂರಾಗೂ ಹಿಂಗ ಆಗಿತ್ತು ನೋಡು. ಕಾಗದ ತಡಾ ಆತು."

ಆ ಮಾತು ತಲೆಯಲ್ಲಿ ಉಳಿಯಿತು. ಇವತ್ತಿನ ಸಂಚಿಕೆ ಅಲ್ಲಿಂದ ಹುಟ್ಟಿದ್ದು.

ಧಾರವಾಡ, ಪುಣೆ, ಮುಂಬೈ

ಕಿತ್ತೂರಿನ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಕೋಟೆ, ಕುದುರೆ, ಖಡ್ಗ, ರಾಣಿ ಚೆನ್ನಮ್ಮನವರ ಮಾತು. ಇವತ್ತು ಅದೇ ಕಥೆಯನ್ನು ಟಪಾಲಿನ ಚೀಲದೊಳಗಿಂದ ನೋಡೋಣ. ಯಾವ ಕಾಗದ ಎಲ್ಲಿಂದ ಎಲ್ಲಿಗೆ ಹೋಯಿತು, ಯಾರು ಅದನ್ನು ಓದಿದರು, ಓದುವಾಗ ಏನು ಅಂದುಕೊಂಡರು.

1824ರಲ್ಲಿ ಕಂಪನಿ ಸರ್ಕಾರ ಈ ಭಾಗದಲ್ಲಿ ಹೇಗಿತ್ತು ನೋಡ್ರಿ. ಪೇಶ್ವೆಗಳು ಸೋತು ಆರು ವರ್ಷ ಆಗಿತ್ತು. ಧಾರವಾಡದಲ್ಲಿ ಸೇಂಟ್ ಜಾನ್ ಥ್ಯಾಕರೆ ಇದ್ದ, ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಇವನು ಚಿಕ್ಕಪ್ಪ. ಥ್ಯಾಕರೆಯ ಮೇಲಧಿಕಾರಿ ಪುಣೆಯಲ್ಲಿ, ದಖ್ಖನ್ನಿನ ಕಮಿಷನರ್ ವಿಲಿಯಂ ಚಾಪ್ಲಿನ್. ಚಾಪ್ಲಿನ್‌ನ ಮೇಲೆ ಮುಂಬೈಯಲ್ಲಿ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. ಕಿತ್ತೂರಿನಿಂದ ಧಾರವಾಡ ಸುಮಾರು 30 ಕಿಲೋಮೀಟರ್, ಕುದುರೆ ಮೇಲೆ ಒಂದು ಹೊತ್ತಿನ ದಾರಿ. ಧಾರವಾಡದಿಂದ ಪುಣೆ 400 ಕಿಲೋಮೀಟರಿಗೂ ಹೆಚ್ಚು. ಅಲ್ಲಿಂದ ಮುಂಬೈಗೆ ಘಾಟ್ ಇಳಿದು ಇನ್ನೂ 150. ತಂತಿ ಇರಲಿಲ್ಲ, ರೈಲು ಇರಲಿಲ್ಲ. ಟಪಾಲಿನವರ ಕಾಲು ಎಷ್ಟು ಓಡುತ್ತದೋ ಅಷ್ಟೇ ಸುದ್ದಿಯ ವೇಗ. ಒಂದು ಪ್ರಶ್ನೆ ಮೇಲೆ ಹೋಗಿ, ಉತ್ತರ ಕೆಳಗೆ ಬರುವಷ್ಟರಲ್ಲಿ ವಾರಗಳು ಕಳೆಯುತ್ತಿದ್ದವು.

ಕಿತ್ತೂರಿನ ದೇಸಾಯಿ ಮಲ್ಲಸರ್ಜ ತೀರಿಕೊಂಡದ್ದು 1816ರಲ್ಲಿ. ಅವನ ಮಗ ಶಿವಲಿಂಗರುದ್ರಸರ್ಜ, ಅಂದರೆ ಚೆನ್ನಮ್ಮನವರ ಮಲಮಗ, ಆಳುತ್ತಿದ್ದ. 1818ರ ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾಗಿದ್ದವನು ಕೂಡ ಇವನೇ. ಅವನಿಗೆ ಮಕ್ಕಳಿರಲಿಲ್ಲ, ಆರೋಗ್ಯವೂ ಕೆಟ್ಟಿತ್ತು. ಮಾಸ್ತಮರಡಿ ಗೌಡರ ಮನೆಯ ಹುಡುಗನನ್ನು ದತ್ತಕ ತೆಗೆದುಕೊಳ್ಳುವ ತೀರ್ಮಾನ ಆಯಿತು. ಹುಡುಗನ ಹೆಸರು ಶಿವಲಿಂಗಪ್ಪ.

ಈಗ ಆ ಕಾಗದಕ್ಕೆ ಬರೋಣ. ದತ್ತಕದ ವಿಷಯ ತಿಳಿಸಿ ಥ್ಯಾಕರೆಗೆ ಒಂದು ಪತ್ರ ಹೋಯಿತು. ಅದರ ಮೇಲಿದ್ದ ತಾರೀಖು ಜುಲೈ ತಿಂಗಳದ್ದು. ಥ್ಯಾಕರೆಯ ಕೈ ಸೇರಿದ್ದು ಸೆಪ್ಟೆಂಬರ್‌ನಲ್ಲಿ. ಪತ್ರ ಮುಟ್ಟಿದ ಮೇಲೆ ಅವನು ವೈದ್ಯನನ್ನು ಕಿತ್ತೂರಿಗೆ ಕಳಿಸಿದ. ವೈದ್ಯ ಬರುವಷ್ಟರಲ್ಲಿ ದೇಸಾಯಿ ತೀರಿಹೋಗಿದ್ದ.

ಒಂದು ಹೊತ್ತಿನ ದಾರಿಯ ಊರಿಗೆ ಪತ್ರ ಮುಟ್ಟಲು ಎರಡು ತಿಂಗಳು! ಥ್ಯಾಕರೆ ಇದನ್ನು ಹೇಗೆ ಓದಿದ? ಇದು ಮೋಸ, ದೇಸಾಯಿ ಸತ್ತ ಮೇಲೆ ಹಿಂದಿನ ತಾರೀಖು ಹಾಕಿ ಬರೆದ ಪತ್ರ ಅಂತ ಓದಿದ. ಕಿತ್ತೂರಿನವರ ಪಾಲಿಗೆ ಅದು ತಮ್ಮ ಮನೆತನದ ತೀರ್ಮಾನ, ತಮ್ಮ ಹಕ್ಕು. ಅದಕ್ಕೆ ಧಾರವಾಡದ ಅಪ್ಪಣೆ ಯಾಕೆ ಬೇಕು ಅನ್ನೋದೇ ಅವರಿಗೆ ಪ್ರಶ್ನೆ. ಹಾಳೆ ಒಂದೇ. ಬರೆದವರು ಅದನ್ನು ತಿಳಿವಳಿಕೆ ಪತ್ರ ಅಂದುಕೊಂಡರು, ಓದಿದವನು ಅನುಮತಿ ಅರ್ಜಿ ಅಂದುಕೊಂಡ.

ನಮ್ಮ ತಂಡಗಳಲ್ಲಿ ಇದು ದಿನಾ ನಡೆಯುತ್ತದಲ್ರಿ? ನಾನು "ಹೀಗೆ ಮಾಡುತ್ತಿದ್ದೇನೆ" ಅಂತ ತಿಳಿಸಲು ಬರೆದಿರುತ್ತೇನೆ. ಆ ಕಡೆಯವರು "ಹೀಗೆ ಮಾಡಲೇ?" ಅಂತ ಕೇಳಿದ್ದಾನೆ ಅಂದುಕೊಂಡು ಉತ್ತರ ಕೊಡದೆ ಬಿಟ್ಟಿರುತ್ತಾರೆ. ಎರಡು ವಾರದ ನಂತರ ಜಗಳ.

ಮುದ್ರೆ ಹಾಕಿದ ಖಜಾನೆ

ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಕಿತ್ತೂರಿಗೆ ಬಂದು ಖಜಾನೆಗೆ ಮುದ್ರೆ ಹಾಕಿಸಿದ, ಕಾವಲು ಇಟ್ಟ, ಆಡಳಿತಕ್ಕೆ ತನ್ನ ಕಡೆಯವರನ್ನು ನೇಮಿಸಿದ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದು, ದತ್ತಕ ಒಪ್ಪದೆ ಸಂಸ್ಥಾನಗಳನ್ನು ನುಂಗುವ ಪದ್ಧತಿಯನ್ನು ದೇಶದ ತುಂಬ ಹರಡಿದ್ದು 1848ರ ನಂತರ. ಕಿತ್ತೂರಿನಲ್ಲಿ ಅದು 24 ವರ್ಷ ಮೊದಲೇ ನಡೆದುಹೋಗಿತ್ತು.

ಥ್ಯಾಕರೆ ಮೇಲಿನವರಿಗೆ ವರದಿ ಬರೆದ. ಪುಣೆ ಮತ್ತು ಮುಂಬೈಯವರ ಕಣ್ಣಿಗೆ ಕಂಡಿದ್ದು ಥ್ಯಾಕರೆ ಬರೆದ ಕಿತ್ತೂರು. ರಾಣಿ ಚೆನ್ನಮ್ಮನವರೂ ಸುಮ್ಮನೆ ಕೂರಲಿಲ್ಲ. ಥ್ಯಾಕರೆಯನ್ನು ದಾಟಿ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಮನವಿ ಕಳಿಸಿದರು. ಆ ಮನವಿ ಫಲಿಸಲಿಲ್ಲ. ಮೇಲಿನವರಿಗೆ ಕಿತ್ತೂರಿನಲ್ಲಿ ಬೇರೆ ಕಣ್ಣು, ಬೇರೆ ಕಿವಿ ಇರಲಿಲ್ಲ.

ಅಕ್ಟೋಬರ್ 23, 1824. ಕೋಟೆ ಬಾಗಿಲು ಮುಚ್ಚಿತ್ತು. ಹೊರಗೆ ಥ್ಯಾಕರೆ, ಅವನ ಜೊತೆ ಕುದುರೆ ಫಿರಂಗಿ ದಳ. ಬಾಗಿಲು ತೆಗೆಯದಿದ್ದರೆ ಹಾರಿಸಿಬಿಡುತ್ತೇವೆ ಅಂತ ಕೆಲವೇ ನಿಮಿಷಗಳ ಗಡುವು ಕೊಟ್ಟ. ಗಡುವು ಮುಗಿಯುವ ಹೊತ್ತಿಗೆ ಬಾಗಿಲು ತೆರೆಯಿತು. ಒಳಗಿನಿಂದ ಕಿತ್ತೂರಿನ ಸೈನ್ಯವೇ ಹೊರಗೆ ನುಗ್ಗಿತು. ಥ್ಯಾಕರೆ ಸತ್ತ, ಕ್ಯಾಪ್ಟನ್ ಬ್ಲ್ಯಾಕ್ ಸತ್ತ. ಥ್ಯಾಕರೆಗೆ ಗುಂಡು ಹೊಡೆದವನು ಅಮಟೂರಿನ ಬಾಳಪ್ಪ. ಅಮಟೂರು ನಮ್ಮ ಬೈಲಹೊಂಗಲ ತಾಲೂಕಿನದೇ ಊರು. ಥ್ಯಾಕರೆಯ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆ ಸಿಕ್ಕರು. ಈ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ನಕಲು ಮಾಡಿಸಿ ಸಂಗ್ರಹಿಸಿದ ವಿದ್ವಾಂಸ ಅನ್ನೋದು ಎಷ್ಟೋ ಮಂದಿಗೆ ಗೊತ್ತಿಲ್ಲ. ಸಾವಿರ ವರ್ಷದ ಹಿಂದಿನ ದಾನ ಪತ್ರಗಳನ್ನು ಓದಿಸಲು ಹೊರಟ ಮನುಷ್ಯ, ಮೊದಲು ಒಂದು ದತ್ತಕ ಪತ್ರದ ಜಗಳದಲ್ಲಿ ಕಿತ್ತೂರಿನ ಕೈದಿಯಾಗಿದ್ದ.

ಈಗ ನನ್ನ ಅಜ್ಜನ ಮಾತಿಗೆ ಬರ್ತೀನಿ. ಕಾಗದ ತಡಾ ಆತು, ಅದಕ್ಕೇ ಯುದ್ಧ ಆಯಿತಾ? ಈ ಸಂಚಿಕೆಗಾಗಿ ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು, ಇಲ್ಲ ಅಂತ. ಪತ್ರ ಜುಲೈನಲ್ಲೇ ಮುಟ್ಟಿದ್ದರೂ ದತ್ತಕವನ್ನು ಒಪ್ಪುವ ಮನಸ್ಸು ಥ್ಯಾಕರೆಗೆ ಇತ್ತೇ? ಅವನ ಕಣ್ಣು ಖಜಾನೆ ಮೇಲಿತ್ತು, ಸಂಸ್ಥಾನದ ಮೇಲಿತ್ತು. ತಡ ಅನ್ನೋದು ಅವನಿಗೆ ಸಿಕ್ಕ ನೆಪ. ಇನ್ನೊಂದು ಕಡೆ ನೋಡಿದರೆ, ಥ್ಯಾಕರೆಗೆ "ಸ್ವಲ್ಪ ತಡಿ" ಅನ್ನುವ ಅಧಿಕಾರ ಇದ್ದವರು ಪುಣೆ, ಮುಂಬೈಯಲ್ಲಿದ್ದರು. ಅವರ ಮಾತು ಬರಲು ವಾರಗಳು ಬೇಕು. ಅವನ ಫಿರಂಗಿ ಕೋಟೆ ಬಾಗಿಲು ಮುಟ್ಟಲು ನಿಮಿಷ ಸಾಕು. ಮಾಡುವ ಅಧಿಕಾರ ಸ್ಥಳದಲ್ಲಿ, ತಡೆಯುವ ಅಧಿಕಾರ ನೂರಾರು ಮೈಲಿ ಆಚೆ. ಇದು ಮನಸ್ಸಿನಲ್ಲಿರಲಿ, ಕೊನೆಗೆ ಮತ್ತೆ ಇದಕ್ಕೇ ಬರ್ತೀನಿ.

ಡಿಸೆಂಬರ್‌ನಲ್ಲಿ ಚಾಪ್ಲಿನ್‌ನೇ ಬಂದ. ಬೇರೆ ಬೇರೆ ನೆಲೆಗಳಿಂದ ದೊಡ್ಡ ಸೈನ್ಯ ಕಿತ್ತೂರಿನ ಸುತ್ತ ಸೇರಿತು. ಚೆನ್ನಮ್ಮ ಸೆರೆಯಾಳುಗಳನ್ನು ಬಿಟ್ಟುಕೊಟ್ಟರು, ಆದರೂ ಯುದ್ಧ ನಿಲ್ಲಲಿಲ್ಲ. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೊ ಈ ಸಲ ಸತ್ತ. ಕೋಟೆಯೊಳಗಿನವರೇ ಮದ್ದಿನಲ್ಲಿ ಸಗಣಿ, ಮಣ್ಣು ಕಲಸಿದರು ಅಂತ ಜನ ಇವತ್ತಿಗೂ ಹೇಳುತ್ತಾರೆ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚೆನ್ನಮ್ಮನವರನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು. 1829ರ ಫೆಬ್ರವರಿಯಲ್ಲಿ ಅವರು ಇಲ್ಲೇ ತೀರಿಕೊಂಡರು. ಅವರ ಸಮಾಧಿ ನಮ್ಮೂರಿನಲ್ಲೇ ಇದೆ.

ರಾಯಣ್ಣನ ಕೂಟ

ಕಿತ್ತೂರಿನ ದಂಡಿನಲ್ಲಿ ಹೋರಾಡಿದ್ದ ಸಂಗೊಳ್ಳಿ ರಾಯಣ್ಣ ಬೇರೊಂದು ದಾರಿ ಹಿಡಿದ. ಸಂಗೊಳ್ಳಿ ಮಲಪ್ರಭೆಯ ದಂಡೆಯ ಊರು, ಬೈಲಹೊಂಗಲ ತಾಲೂಕು. 1829-30ರಲ್ಲಿ ರಾಯಣ್ಣ ದತ್ತುಮಗ ಶಿವಲಿಂಗಪ್ಪನನ್ನೇ ಕಿತ್ತೂರಿನ ಗಾದಿಗೆ ಕೂಡಿಸಬೇಕು ಅಂತ ಹೊರಟ. ಅವನ ಹತ್ತಿರ ಕೋಟೆ ಇರಲಿಲ್ಲ, ಫಿರಂಗಿ ಇರಲಿಲ್ಲ. ಇದ್ದದ್ದು ಖಾನಾಪುರ ಕಡೆಯ ಕಾಡು ಮತ್ತು ಊರೂರಿನ ಜನ.

ಬೀಡಿಯ ಸರ್ಕಾರಿ ಕಚೇರಿ ಸುಟ್ಟರು, ಸಂಪಗಾವಿಯಲ್ಲಿ ದಾಳಿ ಮಾಡಿದರು, ಖಜಾನೆ ಲೂಟಿ ಮಾಡಿದರು. ರಾಯಣ್ಣನ ಜಮೀನನ್ನೇ ಸರ್ಕಾರ ಕಸಿದುಕೊಂಡಿತ್ತು, ಉಳಿದಿದ್ದರ ಮೇಲೆ ಕರ ಏರಿಸಿತ್ತು. ಹಾಗಾಗಿ ಕಚೇರಿಯ ದಫ್ತರ ಸುಡೋದು ಬರೀ ಸಿಟ್ಟಿನ ಕೆಲಸ ಆಗಿರಲಿಲ್ಲ. ಯಾರ ಹೊಲ ಯಾರದು ಅಂತ ದೂರದ ಸರ್ಕಾರಕ್ಕೆ ತಿಳಿಯುತ್ತಿದ್ದದ್ದು ಆ ಕಾಗದಗಳಿಂದಲೇ.

ಹರಡಿಕೊಂಡ ಒಂದು ತಂಡ ಹೇಗೆ ನಡೆಯುತ್ತದೆ ಅನ್ನೋದಕ್ಕೆ ರಾಯಣ್ಣನ ಪಡೆ ಒಳ್ಳೆಯ ಉದಾಹರಣೆ. ಸಣ್ಣ ಸಣ್ಣ ಗುಂಪುಗಳು, ಎಲ್ಲರಿಗೂ ಗೊತ್ತಿರುವ ಒಂದೇ ಗುರಿ, ಪ್ರತಿ ಹೆಜ್ಜೆಗೂ ಅಪ್ಪಣೆ ಕಾಯದ ನಡಿಗೆ. ಕಂಪನಿಯ ದಂಡು ಒಂದು ಊರಿಗೆ ಸುದ್ದಿ ಕೇಳಿ ಹೋಗುವಷ್ಟರಲ್ಲಿ ಇವರು ಇನ್ನೊಂದು ಊರಿನಲ್ಲಿರುತ್ತಿದ್ದರು. ಆದರೆ ಇಂಥ ಪಡೆ ನಿಂತಿರೋದು ಒಬ್ಬರ ಮೇಲೊಬ್ಬರಿಗಿರುವ ವಿಶ್ವಾಸದ ಮೇಲೆ. ಅಡಗುದಾಣ ಗೊತ್ತಿದ್ದವರಲ್ಲಿ ಕೆಲವರು ತಿರುಗಿಬಿದ್ದರೆ ಮುಗಿಯಿತು. ಹಾಗೇ ಆಯಿತು. 1830ರ ಏಪ್ರಿಲ್‌ನಲ್ಲಿ ಮೋಸದಿಂದ ಹಿಡಿದುಕೊಟ್ಟರು. ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ಹಿಡಿದರು ಅಂತ ಲಾವಣಿ ಹಾಡುವವರು ಹೇಳುತ್ತಾರೆ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಸುರೇಬಾನದ ರಾತ್ರಿ

ಈಗ ರಾಮದುರ್ಗದ ಕಡೆ ಹೋಗೋಣ. 1858. ಹಿಂದಿನ ವರ್ಷ ಉತ್ತರದಲ್ಲಿ ದಂಗೆ ಎದ್ದಿತ್ತು. ಸರ್ಕಾರ ಜನರ ಆಯುಧ ಕಸಿಯುವ ಕಾಯ್ದೆ ತಂದಿತ್ತು. ಮುಧೋಳದ ಹತ್ತಿರದ ಹಲಗಲಿಯ ಬೇಡರು 1857ರ ನವೆಂಬರ್‌ನಲ್ಲೇ ಅದರ ವಿರುದ್ಧ ಎದ್ದು ನಿಂತಿದ್ದರು.

ನರಗುಂದದ ಅರಸ ಭಾಸ್ಕರರಾವ್ ಭಾವೆ, ಜನ ಕರೆಯೋದು ಬಾಬಾಸಾಹೇಬ ಅಂತ. ಅವರಿಗೂ ಮಕ್ಕಳಿರಲಿಲ್ಲ. ದತ್ತಕಕ್ಕೆ ಕೇಳಿದ ಅನುಮತಿ ಸಿಕ್ಕಿರಲಿಲ್ಲ. ಕಿತ್ತೂರಿನ ಗಾಯವೇ ಮೂವತ್ತು ವರ್ಷದ ನಂತರ ಬೇರೆ ಮೈಮೇಲೆ! ಬಾಬಾಸಾಹೇಬರು, ಮುಂಡರಗಿ ಭೀಮರಾಯರು, ಹಮ್ಮಿಗಿಯ ಕೆಂಚನಗೌಡರು ಒಳಗೊಳಗೆ ಸೇರಿಕೊಂಡಿದ್ದರು. ಮೂರು ಊರು, ಮೂರು ತಯಾರಿ, ಒಂದೇ ಯೋಜನೆ.

ಆದರೆ ಮೇ ತಿಂಗಳಲ್ಲಿ ಹಮ್ಮಿಗಿಯಲ್ಲಿ ಬಚ್ಚಿಟ್ಟ ಆಯುಧಗಳು ಸರ್ಕಾರದ ಕಣ್ಣಿಗೆ ಬಿದ್ದವು. ಭೀಮರಾಯರಿಗೆ ಕಾಯಲು ಹೊತ್ತಿರಲಿಲ್ಲ. ಅಲ್ಲಿಂದ ಆಯುಧ ಎತ್ತಿಕೊಂಡು, ಡಂಬಳದ ಖಜಾನೆ ಲೂಟಿ ಮಾಡಿ, ಕೊಪ್ಪಳದ ಕೋಟೆ ಹಿಡಿದರು. ಒಂದು ಕಡೆ ಕಿಡಿ ಹೊತ್ತಿದ ಮೇಲೆ ಉಳಿದವರೂ ಸಿದ್ಧತೆ ಮುಗಿಯುವ ಮೊದಲೇ ಎದ್ದು ನಿಲ್ಲಬೇಕಾಯಿತು. ಇವತ್ತಿನ ಪ್ರಾಜೆಕ್ಟ್‌ಗಳಲ್ಲಿ ಡಿಪೆಂಡೆನ್ಸಿ ಅಂತೀವಲ್ಲ, ಒಬ್ಬರ ಕೆಲಸ ಇನ್ನೊಬ್ಬರ ತಾರೀಖಿಗೆ ಕಟ್ಟಿಕೊಂಡಿರೋದು, ಅದು ಇದೇ.

ಆ ಕಡೆ ಸರ್ಕಾರದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್‌ಸನ್. ಬಾಬಾಸಾಹೇಬರನ್ನು ಮಾತಿನಲ್ಲೇ ಒಲಿಸಿಕೊಳ್ಳಬಹುದು ಅನ್ನುವ ನಂಬಿಕೆಯಲ್ಲಿ ಸಣ್ಣ ಬೆಂಗಾವಲಿನೊಂದಿಗೆ ರಾಮದುರ್ಗಕ್ಕೆ ಬಂದ. ರಾಮದುರ್ಗದ ಅರಸರು ಬಾಬಾಸಾಹೇಬರ ಮಲತಮ್ಮ. ಅವರು ಮ್ಯಾನ್‌ಸನ್‌ಗೆ ಎಚ್ಚರಿಕೆ ಕೊಟ್ಟರು, ಅಣ್ಣ ದಂಗೆಗೆ ಸೇರು ಅಂತ ತಮಗೆ ಬರೆದ ಪತ್ರವನ್ನೇ ತೋರಿಸಿದರು, ಮುಂದೆ ಹೋಗಬೇಡಿ ಅಂದರು. ಮ್ಯಾನ್‌ಸನ್ ಕೇಳಲಿಲ್ಲ. ಪಲ್ಲಕ್ಕಿ ಏರಿ ಹೊರಟ, ರಾತ್ರಿ ಸುರೇಬಾನದಲ್ಲಿ ತಂಗಿದ. ಮೇ 29ರ ಆ ರಾತ್ರಿ ಬಾಬಾಸಾಹೇಬರ ಕಡೆಯವರು ಮೇಲೆ ಬಿದ್ದರು. ಮ್ಯಾನ್‌ಸನ್ ಸತ್ತ. ಅವನ ತಲೆಯನ್ನು ನರಗುಂದದ ಬಾಗಿಲಿಗೆ ಕಟ್ಟಿದರು.

ಇಲ್ಲಿ ಸುದ್ದಿ ತಡ ಆಗಿರಲಿಲ್ಲ, ಗಮನಿಸ್ರಿ. ಮ್ಯಾನ್‌ಸನ್‌ಗೆ ಎಲ್ಲಾ ಮಾಹಿತಿ ಸಿಕ್ಕಿತ್ತು, ಅದೂ ಹೊತ್ತಿಗೆ ಸರಿಯಾಗಿ, ಅದೂ ಬರಹದಲ್ಲಿ. ಆದರೆ ಸ್ಥಳದವನ ಮಾತಿಗಿಂತ ತನ್ನ ತಲೆಯಲ್ಲಿದ್ದ ಚಿತ್ರ ಅವನಿಗೆ ಹೆಚ್ಚಾಯಿತು. ರಾಮದುರ್ಗದವರು ಅಷ್ಟು ಹತ್ತಿರದ ಸಂಬಂಧಿ, ಅವರಿಗೆ ಅಣ್ಣನ ಸ್ವಭಾವ ಗೊತ್ತಿತ್ತು.

ಮುಂದಿನದು ಬೇಗ ಮುಗಿಯಿತು. ಜೂನ್ 1ಕ್ಕೆ ಕೊಪ್ಪಳದಲ್ಲಿ ಭೀಮರಾಯರು ಬಿದ್ದರು. ಮರುದಿನ ನರಗುಂದ ಕೋಟೆ ಕರ್ನಲ್ ಮಾಲ್ಕಮ್‌ನ ಕೈಸೇರಿತು. ಸೆರೆ ಸಿಕ್ಕ ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಒಟ್ಟಿಗೆ ಏಳಬೇಕಿದ್ದವರು ಒಬ್ಬೊಬ್ಬರಾಗಿ ಎದ್ದರು, ಒಬ್ಬೊಬ್ಬರಾಗಿ ಸಿಕ್ಕರು.

ಎರಡೂವರೆ ಪಟ್ಟು

ಇಷ್ಟು ಹಳೆಯ ಮಾತಾಯಿತು. ಇವತ್ತು ಸೆಕೆಂಡಿನಲ್ಲಿ ಮೆಸೇಜು ಹೋಗುತ್ತದೆ, ವಿಡಿಯೋ ಕಾಲ್ ಇದೆ, ಇನ್ನೇನು ತೊಂದರೆ ಅಂತ ಕೇಳಬಹುದು.

ಕರ್ನಾಟಕದಲ್ಲಿ ಈ ದೂರದ ಕೆಲಸ ಶುರುವಾದದ್ದು 1985ರಲ್ಲಿ ಅನ್ನಬಹುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆಯಿತು, ಅಮೆರಿಕದ ಜೊತೆ ಉಪಗ್ರಹದ ಮೂಲಕ ಸಂಪರ್ಕ ಜೋಡಿಸಿತು. ಟಪಾಲಿನವನ ಕಾಲು ಹೋಗಿ ಉಪಗ್ರಹ ಬಂತು. ಸುದ್ದಿಯ ವೇಗದ ಪ್ರಶ್ನೆ ಅಲ್ಲಿಗೆ ಬಹುಪಾಲು ಮುಗಿಯಿತು. ಹೊಂದಾಣಿಕೆಯ ಪ್ರಶ್ನೆ ಮುಗಿಯಲಿಲ್ಲ.

ಜೇಮ್ಸ್ ಹರ್ಬ್ಸ್‌ಲೆಬ್ ಮತ್ತು ಆಡ್ರಿಸ್ ಮೊಕಸ್ ಅನ್ನುವ ಇಬ್ಬರು ಸಂಶೋಧಕರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಜಾಗದಲ್ಲಿ ಕೂತವರು ಮಾಡುವ ಬದಲಾವಣೆಗೆ ಹೋಲಿಸಿದರೆ, ಅದೇ ತರಹದ ಕೆಲಸ ಬೇರೆ ಬೇರೆ ಊರಿನವರ ನಡುವೆ ಹಂಚಿದಾಗ ಸುಮಾರು ಎರಡೂವರೆ ಪಟ್ಟು ಹೊತ್ತು ಹಿಡಿಯುತ್ತದೆ ಅಂತ ಕಂಡುಕೊಂಡರು. ಮುಖ್ಯ ಕಾರಣ, ದೂರದ ಕೆಲಸದಲ್ಲಿ ಹೆಚ್ಚು ಜನರನ್ನು ಜೊತೆಗೆ ಎಳೆಯಬೇಕಾಗುತ್ತದೆ. ಪಕ್ಕದಲ್ಲಿ ಕೂತಿದ್ದರೆ ಕುರ್ಚಿ ತಿರುಗಿಸಿ ಕೇಳಿ ಮುಗಿಸುತ್ತೀರಿ. ದೂರದಲ್ಲಿ ಯಾರನ್ನು ಕೇಳಬೇಕು ಅಂತ ಹುಡುಕೋದೇ ಒಂದು ಕೆಲಸ.

ಇನ್ನೊಂದು ಉದಾಹರಣೆ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹ ಮುಟ್ಟುವ ಹೊತ್ತಿಗೆ ಕಳೆದುಹೋಯಿತು. ಒಂದು ಕಡೆಯ ತಂಡದ ಸಾಫ್ಟ್‌ವೇರ್ ನೂಕುಬಲವನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಅಂತ ಓದುತ್ತಿದ್ದರು. ಸಂಖ್ಯೆ ತಡವಿಲ್ಲದೆ ತಲುಪಿತ್ತು, ಅರ್ಥ ತಲುಪಿರಲಿಲ್ಲ. ಹಾದಿ ಎಲ್ಲೋ ಸರಿಯಿಲ್ಲ ಅಂತ ಕೆಲವು ಎಂಜಿನಿಯರ್‌ಗಳಿಗೆ ಮೊದಲೇ ಅನುಮಾನ ಬಂದಿತ್ತು. ಆ ಅನುಮಾನ ತೀರ್ಮಾನ ಮಾಡುವವರ ಮಟ್ಟದಲ್ಲಿ ತೂಕ ಪಡೆಯಲಿಲ್ಲ. ಕಿತ್ತೂರಿನ ಪತ್ರವೂ ಸುರೇಬಾನದ ಎಚ್ಚರಿಕೆಯೂ ಒಂದೇ ಅಪಘಾತದಲ್ಲಿ ಸೇರಿದಂತೆ.

ಮೆಲ್ವಿನ್ ಕಾನ್ವೇ ಅನ್ನುವವರು 1968ರಲ್ಲೇ ಬರೆದಿದ್ದರು, ಒಂದು ಸಂಸ್ಥೆಯೊಳಗೆ ಮಾತು ಹೇಗೆ ಹರಿಯುತ್ತದೋ ಅದು ಕಟ್ಟುವ ವ್ಯವಸ್ಥೆಯೂ ಅದೇ ಆಕಾರದಲ್ಲಿರುತ್ತದೆ ಅಂತ. ಸಾಫ್ಟ್‌ವೇರ್ ಮಂದಿ ಇದನ್ನು ಕಾನ್ವೇ ನಿಯಮ ಅಂತಾರೆ. ಮಾತು ಮೇಲಿನಿಂದ ಕೆಳಗೆ ಮಾತ್ರ ಹರಿಯುತ್ತಿದ್ದರೆ ಕಟ್ಟುವ ವಸ್ತುವೂ ಹಾಗೇ. ಕೆಳಗಿನವನಿಗೆ ಕಂಡ ಬಿರುಕು ಕೊನೆವರೆಗೂ ಬಿರುಕಾಗಿಯೇ ಉಳಿಯುತ್ತದೆ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಕಿತ್ತೂರಿನ ಹೋರಾಟವನ್ನೂ ಕಂಪನಿಯ ಬಿಲ್ಲಿಂಗ್ ದೋಷವನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಅಲ್ಲಿ ಜನ ಪ್ರಾಣ ಕೊಟ್ಟರು. ಈಸ್ಟ್ ಇಂಡಿಯಾ ಕಂಪನಿಯ ಟಪಾಲು ಇನ್ನೂ ವೇಗವಾಗಿದ್ದರೆ ಅದು ನ್ಯಾಯವಂತ ಆಗುತ್ತಿತ್ತು ಅಂತಲೂ ಅಲ್ಲ. ಬೇಗ ನುಂಗುತ್ತಿತ್ತು ಅಷ್ಟೇ. ಆದರೆ ದೂರ, ಅಧಿಕಾರ, ಕಾಗದ ಈ ಮೂರರ ಜಗಳ ಹೇಗಿರುತ್ತದೆ ಅಂತ ನೋಡಲು ನಮ್ಮ ನೆಲದಲ್ಲಿ ಇದಕ್ಕಿಂತ ತೆರೆದ ಪುಸ್ತಕ ಸಿಗಲಿಕ್ಕಿಲ್ಲ.

ನೀರು ಮತ್ತು ಹುಣ್ಣಿಮೆ

ಸವದತ್ತಿಯನ್ನು ಬಿಟ್ಟರೆ ಅಲ್ಲಿನ ಕೇಳುಗರು ನನ್ನನ್ನು ಬಿಡೋದಿಲ್ಲ. ಮಲಪ್ರಭೆಗೆ ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ್ದಾರೆ, ರೇಣುಕಾ ಸಾಗರ, 37 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತದೆ. ಹೊಳೆಯ ಕೆಳಗೆ ರಾಮದುರ್ಗ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಎಷ್ಟೋ ಮನೆಗಳಿಗೆ ನೀರು ನುಗ್ಗಿದ್ದು ನೆನಪಿರಬೇಕು. ಖಾನಾಪುರದ ಕಾಡಿನಲ್ಲಿ ಸುರಿದ ಮಳೆ ಅಣೆಕಟ್ಟಿಗೆ ಬರಲು ಒಂದಷ್ಟು ಹೊತ್ತು, ಗೇಟು ತೆಗೆದ ಮೇಲೆ ನೀರು ರಾಮದುರ್ಗ ಮುಟ್ಟಲು ಇನ್ನಷ್ಟು ಹೊತ್ತು. ಆ ಹೊತ್ತಿನೊಳಗೆ ಮಾತು ನೀರಿಗಿಂತ ಮುಂದೆ ಓಡಬೇಕು, ಬರೀ ಕಚೇರಿಗೆ ಮುಟ್ಟಿದರೆ ಸಾಲದು, ದನ ಬಿಚ್ಚುವವನ ಕಿವಿಗೆ ಮುಟ್ಟಬೇಕು. ಹೊಂದಾಣಿಕೆ ಅನ್ನೋದು ಕಂಪ್ಯೂಟರಿನವರ ತಲೆನೋವು ಮಾತ್ರ ಅಲ್ಲ ಅಂತ ನದಿ ದಂಡೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಸವದತ್ತಿಯಲ್ಲಿ ಇನ್ನೊಂದು ಪಾಠವೂ ಇದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಕರ್ನಾಟಕ, ಮಹಾರಾಷ್ಟ್ರದ ಊರೂರಿನಿಂದ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು, ಕಾಲ್ನಡಿಗೆ. ಯಾರೂ ಯಾರಿಗೂ ಮೆಸೇಜು ಕಳಿಸಿರೋದಿಲ್ಲ. ಎಲ್ಲರ ತಲೆಯ ಮೇಲೆ ಒಂದೇ ಚಂದ್ರ ಇರುತ್ತಾನೆ, ಅವನನ್ನು ನೋಡಿಯೇ ಹೊರಡುತ್ತಾರೆ. ಜೋಗುಳಭಾವಿಯಲ್ಲಿ ಸ್ನಾನ, ಆಮೇಲೆ ಗುಡ್ಡ. ಮೊದಲು ಏನು, ನಂತರ ಏನು ಅನ್ನೋದು ಮಕ್ಕಳಿಗೂ ಗೊತ್ತು. ಎಲ್ಲರಿಗೂ ಕಾಣುವ ಒಂದೇ ಜಾಗದಲ್ಲಿ ತೀರ್ಮಾನ ಬರೆದಿಡೋದು ಅಂತ ಸಾಫ್ಟ್‌ವೇರ್ ಪುಸ್ತಕಗಳು ಹೇಳುತ್ತವಲ್ಲ, ಅದನ್ನು ನಮ್ಮ ಜಾತ್ರೆ ಆಕಾಶದಲ್ಲೇ ಬರೆದಿಟ್ಟಿದೆ.

"ತಡಿ" ಅನ್ನುವ ಅಧಿಕಾರ

ಕೊನೆಗೆ ನನ್ನ ಮಾಳಿಗೆಗೆ ಬರ್ತೀನಿ. ಆ ಬಿಲ್ಲಿನ ಎಡವಟ್ಟಿನ ನಂತರ ನಾವು ಎರಡು ಬದಲಾವಣೆ ಮಾಡಿಕೊಂಡೆವು. ಮೊದಲನೆಯದು ಸುಲಭ. ತೀರ್ಮಾನ ಎಲ್ಲೇ ಬದಲಾಗಲಿ, ಚಾನೆಲ್‌ನಲ್ಲಿ, ಫೋನಿನಲ್ಲಿ, ಟಿಕೆಟ್‌ನಲ್ಲಿ ಬರೆಯುವವರೆಗೆ ಅದು ಬದಲಾಗಿಲ್ಲ ಅಂತಲೇ ಲೆಕ್ಕ. ಹುಣ್ಣಿಮೆ ಒಂದೇ ಇರಬೇಕು.

ಎರಡನೆಯದಕ್ಕೆ ಸ್ವಲ್ಪ ಜಗಳವೇ ಆಯಿತು. ಅಲ್ಲಿಯವರೆಗೆ ಹಾಕುವ ಅಧಿಕಾರ ನನಗಿತ್ತು, ನಿಲ್ಲಿಸುವ ಅಧಿಕಾರ ಅಮೆರಿಕದಲ್ಲಿತ್ತು. ಪೋಲೆಂಡಿನ ಗೆಳತಿಗೆ ದೋಷ ಕಂಡಿತ್ತು, ಆದರೆ ತಡೆಯುವ ಹಕ್ಕು ಇರಲಿಲ್ಲ, "ಬೇಡ" ಅಂತ ಬರೆದು ಮಲಗಬೇಕಾಯಿತು. ಈಗ ತಂಡದ ಯಾರೇ ಆಗಲಿ, ನಿನ್ನೆ ಸೇರಿದ ಹುಡುಗಿಯೇ ಆಗಲಿ, ಒಂದು ಗುಂಡಿ ಒತ್ತಿ ನಿಲ್ಲಿಸಬಹುದು. ನಿಲ್ಲಿಸಿದ್ದಕ್ಕೆ ಕಾರಣ ಆಮೇಲೆ ಕೇಳುತ್ತೇವೆ. ಇದರಿಂದ ಕೆಲಸ ಒಮ್ಮೊಮ್ಮೆ ಸುಮ್ಮಸುಮ್ಮನೆ ನಿಂತದ್ದೂ ಇದೆ, ಮ್ಯಾನೇಜರು ಗೊಣಗಿದ್ದೂ ಇದೆ. ಆದರೂ ಅದನ್ನು ತೆಗೆದಿಲ್ಲ.

ಈ ಭಾಗದಿಂದ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ನನ್ನ ಮಾತು ಇಷ್ಟೇ. ಊರಿನಿಂದ ಕೆಲಸ ಮಾಡಲು ಬಿಟ್ಟಿದ್ದಾರೆ ಅನ್ನೋ ಋಣಕ್ಕೆ ನಾವು ಬಹಳ ಸಲ ಬಾಯಿ ಮುಚ್ಚಿಕೊಂಡಿರುತ್ತೇವೆ. ಕಾಲ್‌ನಲ್ಲಿ ಎಲ್ಲರೂ ಸೇರಿ "ಆಯಿತು" ಅಂದಾಗ, ನಮಗೆ ಏನೋ ತಪ್ಪು ಕಂಡರೂ ಮ್ಯೂಟ್‌ನಲ್ಲೇ ಇರುತ್ತೇವೆ. ಹಾಗಿರಬೇಡ್ರಿ. ಸ್ಥಳದಲ್ಲಿದ್ದವನಿಗೆ ಕಾಣೋದು ದೂರದವನಿಗೆ ಕಾಣೋದಿಲ್ಲ. ರಾಮದುರ್ಗದ ಅರಸರಂತೆ ಪತ್ರ ತೋರಿಸಿ ಹೇಳ್ರಿ. ಮ್ಯಾನ್‌ಸನ್ ಕೇಳದಿದ್ದರೆ ಅದು ಅವನ ಹಣೆಬರಹ, ಹೇಳದೇ ಇದ್ದರೆ ಅದು ನಮ್ಮದು.

ಅಜ್ಜನಿಗೆ ಈ ಸಂಚಿಕೆಯ ಕರಡು ಓದಿ ಹೇಳಿದೆ. ಕಾಗದ ತಡ ಆದದ್ದು ನೆಪ, ತಡೆಯುವವರು ಹತ್ತಿರ ಇರಲಿಲ್ಲ ಅನ್ನೋದೇ ನಿಜ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಮತ್ತ ಈಗ ನಿಮ್ಮ ಸಾಹೇಬ್ರ ನಿನ್ನ ಮಾತ ಕೇಳ್ತಾರೇನಪಾ?" ಕೆಲವು ಸಲ ಕೇಳ್ತಾರ ಅಜ್ಜಾ ಅಂದೆ. "ಕೆಲವು ಸಲಾ ಕೇಳಿದ್ರೂ ಥ್ಯಾಕರೆಗಿಂತ ಛಲೋ ಬಿಡು" ಅಂದು ಎಲೆ ಅಡಿಕೆ ಚೀಲ ತೆಗೆದ.

ಕಿತ್ತೂರು, ಸವದತ್ತಿ, ರಾಮದುರ್ಗ, ಬೈಲಹೊಂಗಲದಿಂದ ದೂರದ ತಂಡಗಳಲ್ಲಿ ಕೆಲಸ ಮಾಡುವವರು ಇದ್ದರೆ ನಿಮ್ಮ ಅನುಭವ ನಮಗೆ ಬರೀರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಶರಣ್ರಿ.